ತೆಳುಬಟ್ಟೆಯ ಹೊಲಿಗೆ ಅಂಚು

ಶಿಫಾನ್, ಜಾರ್ಜೆಟ್, ಆರ್ಗಾಂಜಾ, ವಾಯಿಲ್, ಮಲ್ಲು, ನೆಟ್ ಮುಂತಾದ ಬಟ್ಟೆಗಳು ಆಚೆಗಿರುವುದು ಕಾಣುವಷ್ಟು ತೆಳು. ಇವುಗಳಲ್ಲಿ ಉಡುಪು ಹೊಲಿಯುವಾಗ ಎರಡು ತುಂಡು ಕೂಡಿದ ಕಡೆ ಉಳಿಯುವ ಅಂಚನ್ನು ಎಳೆ ಬಿಡದಂತೆ, ನೋಡಲು ಒಪ್ಪವಾಗಿರುವಂತೆ ಮುಗಿಸುವುದೇ ಒಂದು ಕಸಬು. ದಪ್ಪ ಬಟ್ಟೆಯಾದರೆ ಅಂಚಿಗೆ ಓವರ್‌ಲಾಕ್ ಹಾಕಿಸಿ ಮರೆತುಬಿಡಬಹುದು. ಒಳಗಿನ ಹೊಲಿಗೆ ಹೇಗಿದೆಯೆಂದು ನೋಡುವವರು ಇಸ್ತ್ರಿ ಮಾಡುವವರೊಬ್ಬರೇ. ತೆಳುಬಟ್ಟೆಯಲ್ಲಿ ಉಲ್ಟಾ ಭಾಗವೂ ಸೀದಾ ಭಾಗದಷ್ಟೇ ಬಯಲಿನಲ್ಲಿರುತ್ತದೆ. ದರ್ಜಿ ಒಳಗೆ ಮಡಚಿಟ್ಟದ್ದೆಲ್ಲ ನೆರಳಾಗಿ ಹೊರಗೆ ಬೀಳುತ್ತದೆ. ಹಾಗಾಗಿ ಇಲ್ಲಿ ಹೊಲಿಗೆಯನ್ನು ಬಚ್ಚಿಡುವ ಆಸೆ ಬಿಟ್ಟು, ಅದನ್ನು ಬಟ್ಟೆಯ ಮೇಲೆ ಎಳೆದ ಒಂದು ಗೆರೆಯೆಂದೇ ಎಣಿಸಿ, ಆ ಗೆರೆ ಸಣ್ಣದಾಗಿ, ಉದ್ದಕ್ಕೂ ಒಂದೇ ಅಗಲದಲ್ಲಿ ಬರುವಂತೆ ನೋಡಿಕೊಳ್ಳಬೇಕಾಗುತ್ತದೆ.

ಗೆರೆಯನ್ನು ಗಾಢವಾಗಿಸುವುದು ಪದರುಗಳ ಲೆಕ್ಕ. ಸಾದಾ ಹೊಲಿಗೆ ಹಾಕಿ, ಹೊಲಿಗೆಯಾಚೆ ಉಳಿದ ಮಾರ್ಜಿನ್ನನ್ನು ಎರಡೂ ಕಡೆಗೆ ಬಿಡಿಸಿ ಇಸ್ತ್ರಿ ಮಾಡಿದರೆ ಹೊಲಿಗೆಯ ಎಡಬಲಕ್ಕೆ ಎರಡೆರಡು ಪದರು. ಅಂಚು ಓವರ್‌ಲಾಕ್ ಮಾಡಿ ಒಂದೇ ಕಡೆಗೆ ಮಲಗಿಸಿದರೆ ಮೂರು. ಷರ್ಟಿನ ಚಪ್ಪಟೆ ಹೊಲಿಗೆಯಲ್ಲಿ ನಾಲ್ಕು. ತೆಳುಬಟ್ಟೆಗೆ ಶ್ರೇಷ್ಠವೆಂದು ಎಲ್ಲರೂ ಹೊಗಳುವ, ಕತ್ತರಿಸಿದ ಅಂಚನ್ನು ಒಳಗೇ ಮುಚ್ಚಿಬಿಡುವ ಫ್ರೆಂಚ್ ಹೊಲಿಗೆಯಲ್ಲಿ ಐದು. ಪದರು ಹೆಚ್ಚಿದ್ದೂ ಅದು ಚೆನ್ನಾಗಿ ಕಾಣಲು ಅಗಲ ಕಡಿಮೆಯಿರುವುದೇ ಕಾರಣ. ಅರ್ಧ ಇಂಚು ಅಗಲದ ಫ್ರೆಂಚ್ ಹೊಲಿಗೆ ಶಿಫಾನಿನ ಮೇಲೆ ಪಟ್ಟಿ ಅಂಟಿಸಿದಂತೆ ಕಾಣುತ್ತದೆ.

ಬಟ್ಟೆಗಳು

ತೆಳುಬಟ್ಟೆಗಳೆಲ್ಲದರ ಗುಣ ಒಂದೇ ಅಲ್ಲ. ಶಿಫಾನಿನದು ಸಾದಾ ನೇಯ್ಗೆ, ಆದರೆ ಅದರ ನೂಲಿಗೆ ಬಿಗಿಯಾದ ಹುರಿ ಕೊಟ್ಟಿರುತ್ತಾರೆ, ಕೆಲವು ಎಳೆಗೆ ಬಲಕ್ಕೆ, ಕೆಲವಕ್ಕೆ ಎಡಕ್ಕೆ. ಮಗ್ಗದಿಂದಿಳಿದ ಮೇಲೆ ಈ ಎಳೆಗಳು ಹುರಿ ಬಿಚ್ಚಿಕೊಳ್ಳಲು ಹವಣಿಸುವುದರಿಂದ ಬಟ್ಟೆ ಸಣ್ಣಗೆ ನಿರಿಗೆಗಟ್ಟುತ್ತದೆ, ಎಳೆದರೆ ಹಿಗ್ಗುತ್ತದೆ, ಮೇಜಿನ ಮೇಲೆ ಹರಡಿದರೆ ಹಾವಿನಂತೆ ಜಾರುತ್ತದೆ. ಜಾರ್ಜೆಟ್ ಅದೇ ಬಳಗದ, ತುಸು ತೂಕದ, ತುಸು ಒರಟು ಬಟ್ಟೆ. 20ನೆಯ ಶತಮಾನದ ಆರಂಭದಲ್ಲಿದ್ದ ಫ್ರಾನ್ಸಿನ ಜಾರ್ಜೆಟ್ ಡ ಲಾ ಪ್ಲಾಂಟ್ ಎಂಬ ಉಡುಪು ತಯಾರಕಿಯಿಂದ ಅದಕ್ಕೆ ಆ ಹೆಸರು. ಕನ್ನಡನಾಡಿಗೂ ಈ ಹುರಿನೂಲಿನ ಸಂಬಂಧವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆಯ ಕ್ರೇಪ್ ಸೀರೆಯ ಇಳಿಬೀಳುವ ಗುಣವೂ ನೂಲಿನ ಹುರಿಯಿಂದಲೇ ಬಂದದ್ದು. ಅಲ್ಲಿ ಜಾರ್ಜೆಟ್ ರೇಷ್ಮೆಯೂ ತಯಾರಾಗುತ್ತದೆ.

ಆರ್ಗಾಂಜಾ ಇದಕ್ಕೆ ತದ್ವಿರುದ್ಧ. ರೇಷ್ಮೆ ಎಳೆಯ ಮೇಲೆ ಸಹಜವಾಗಿರುವ ಸೆರಿಸಿನ್ ಎಂಬ ಅಂಟನ್ನು ತೊಳೆದು ತೆಗೆಯದೆ ಉಳಿಸಿಕೊಂಡ ಬಟ್ಟೆಯಾದ್ದರಿಂದ ಅದು ಕಾಗದದಂತೆ ಸೆಟೆದು ನಿಲ್ಲುತ್ತದೆ. ಮಡಚಿದ ಕಡೆ ಮಡಿಕೆ ನಿಲ್ಲುವುದು ದರ್ಜಿಗೆ ಅನುಕೂಲ. ಸೂಜಿ ಚುಚ್ಚಿದ ಗುರುತು ಹೋಗದಿರುವುದು ಅನನುಕೂಲ. ಹೊಲಿದದ್ದನ್ನು ಬಿಚ್ಚಿದರೆ ಸಾಲು ತೂತು ಹಾಗೆಯೇ ಉಳಿಯುತ್ತದೆ. ಅದೇ ನೋಟದ ಹತ್ತಿ ಬಟ್ಟೆ ಆರ್ಗಂಡಿಗೆ ಸೆಟೆತ ಬರುವುದು ಆಮ್ಲದ ಸಂಸ್ಕಾರದಿಂದ. ವಾಯಿಲ್ ಮತ್ತು ಮಲ್ಲು ಹತ್ತಿಯವು, ಹೇಳಿದ ಮಾತು ಕೇಳುವಂಥವು. ಹೊಲಿಗೆ ಕಲಿಯುವವರು ಸುರು ಮಾಡಬೇಕಾದದ್ದು ಇವುಗಳಿಂದಲೇ. ಚಂದೇರಿ, ಕೋಟಾ ದೋರಿಯಾಗಳಲ್ಲಿ ನೇಯ್ಗೆ ಎಷ್ಟು ಬಿಡಿಯೆಂದರೆ ಅಂಚಿನ ಎಳೆಗಳು ಕೈ ತಾಗಿದರೂ ಜಾರಿ ಹೊರಬರುತ್ತವೆ. ನೆಟ್‌ಗೆ ಮಾತ್ರ ಈ ತೊಂದರೆಯೇ ಇಲ್ಲ. ಅದು ಹಾಸುಹೊಕ್ಕಿನ ನೇಯ್ಗೆಯಲ್ಲ, ಎಳೆಗಳು ಒಂದಕ್ಕೊಂದು ಸುತ್ತಿಕೊಂಡ ಕಣ್ಣುಗಳ ಜಾಲ. ಕತ್ತರಿಸಿದರೆ ಬಿಚ್ಚಿಕೊಳ್ಳುವುದಿಲ್ಲ. 19ನೆಯ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ಯಂತ್ರದಲ್ಲಿ ಇಂಥ ಜಾಲ ತಯಾರಿಸುವ ದಾರಿ ಕಂಡುಕೊಳ್ಳುವವರೆಗೆ ಅದು ಕೈಯಿಂದಲೇ ಆಗುತ್ತಿದ್ದ ದುಬಾರಿ ಸಾಮಾನು.

ಚರಿತ್ರೆ

ತೆಳುಬಟ್ಟೆಯ ಹಳೆಯ ದೊಡ್ಡ ಹೆಸರು ಢಾಕಾದ ಮಸ್ಲಿನ್. ಮೇಘನಾ ನದಿಯ ದಂಡೆಯಲ್ಲಿ ಬೆಳೆಯುತ್ತಿದ್ದ ಫುಟಿ ಕರ್ಪಾಸ್ ಎಂಬ ಹತ್ತಿಯಿಂದ ಅದನ್ನು ನೇಯುತ್ತಿದ್ದರು. ಅದರ ವಂಶದ ಹೂನೇಯ್ಗೆಯಾದ ಜಾಮ್‌ದಾನಿಯನ್ನು 2013ರಲ್ಲಿ ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮಸ್ಲಿನ್ ಎಂದರೆ ಬಟ್ಟೆಯನ್ನು ಉಂಗುರದೊಳಗೆ ಹಾಯಿಸಿದ ಕತೆ ಎಲ್ಲರ ಬಾಯಲ್ಲೂ ಇದೆ. ಅದನ್ನು ಹೇಗೆ ಹೊಲಿದರೆಂಬುದನ್ನು ಕೇಳಿದವರು ಕಡಿಮೆ. ಮೊಗಲ್ ಚಿತ್ರಗಳಲ್ಲಿ ಒಳಗಿನ ಪೈಜಾಮದ ಬಣ್ಣ ಕಾಣುವಂಥ, ಜಾಮಾ ಎಂಬ ನಿಲುವಂಗಿಗಳನ್ನು ತೊಟ್ಟ ಆಸ್ಥಾನಿಕರಿದ್ದಾರೆ. ಅಂಥ ಉಡುಪಿನ ಮೈಯನ್ನೂ ಸುತ್ತಿನ ಘೇರನ್ನೂ ಕೂಡಿಸಿದವರು ಯಂತ್ರವಿಲ್ಲದ ಕಾಲದ ದರ್ಜಿಗಳು. ಅಂಚನ್ನು ಬೆರಳಲ್ಲಿ ಸುರುಳಿ ಸುತ್ತಿ ತುರ್ಪಾಯಿ ಹಾಕುವುದು ಅವರಿಗಿದ್ದ ಒಂದು ದಾರಿ.

ಲಖನೌದ ಚಿಕನ್ ಕಸೂತಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕುರ್ತಾದ ಕಲಿಗಳನ್ನು ಕೂಡಿಸುವ ಹೊಲಿಗೆಯ ಮೇಲೆಯೇ ಬಟ್ಟೆಯ ಸಣ್ಣ ಆಕಾರಗಳನ್ನು ಕತ್ತರಿಸಿ ಕೂರಿಸುವ ದರಜ್ ಎಂಬ ಕೆಲಸ ಅಲ್ಲಿ ಬೆಳೆಯಿತು. ಮೀನಿನಾಕಾರದ ಸಾಲೂ ಅದರಲ್ಲಿ ಉಂಟು. ಅಲ್ಲಿನ ಉಲ್ಟಾ ಬಖಿಯಾ ಕಸೂತಿಯೂ ಇದೇ ಬುದ್ಧಿಯದು. ಉಲ್ಟಾ ಭಾಗದಲ್ಲಿ ನೂಲನ್ನು ಅಡ್ಡಾದಿಡ್ಡಿ ಹಾಯಿಸಿ, ಸೀದಾ ಭಾಗದಲ್ಲಿ ಅದರ ನೆರಳಷ್ಟೇ ಹೂವಾಗಿ ಮೂಡುವಂತೆ ಮಾಡುತ್ತಾರೆ. ಹೊರಗೆ ಕಂಡೇ ಕಾಣುವ ವಸ್ತುವನ್ನು ಅಲಂಕಾರಕ್ಕೆ ದುಡಿಸಿಕೊಂಡ ಈ ಜಾಣ್ಮೆ ತೆಳುಬಟ್ಟೆಯ ದರ್ಜಿ ಕಲಿಯಬೇಕಾದ ಮೊದಲ ಪಾಠವೆಂದು ನನಗನ್ನಿಸುತ್ತದೆ.

ಯುರೋಪಿನಲ್ಲಿ ತೆಳು ಮಸ್ಲಿನ್ ಗೌನು ಸುದ್ದಿಯಾದದ್ದು 1783ರಲ್ಲಿ. ಫ್ರಾನ್ಸಿನ ರಾಣಿ ಮಾರಿ ಆಂತ್ವಾನೆತ್ ಅಂಥದೊಂದನ್ನು ತೊಟ್ಟ ಚಿತ್ರವನ್ನು ಚಿತ್ರಕಾರ್ತಿ ವಿಜೆ ಲ ಬ್ರನ್ ಪ್ಯಾರಿಸ್ಸಿನ ಸಲೋನ್ ಎಂಬ ಚಿತ್ರಪ್ರದರ್ಶನದಲ್ಲಿ ಇಟ್ಟಾಗ, ಒಳಉಡುಪಿನಂತಿದೆ ಎಂಬ ಗುಲ್ಲೆದ್ದು ಚಿತ್ರವನ್ನು ಇಳಿಸಬೇಕಾಯಿತು. ಆ ಬಳಿಕದ ಮೂರು ದಶಕ ಬಿಳಿ ಮಸ್ಲಿನ್ನಿನ ಕಾಲ. ಅಲ್ಲಿನ ಹೊಲಿಗೆಗಾರ್ತಿಯರಲ್ಲಿ ಬಳಕೆಯಲ್ಲಿದ್ದ ಒಂದು ಉಪಾಯಕ್ಕೆ ಮ್ಯಾಂಚುವಾ ಹೊಲಿಗೆಯೆಂದು ಹೆಸರು. ಒಂದು ತುಂಡಿನ ಅಂಚನ್ನು ಇನ್ನೊಂದಕ್ಕಿಂತ ತುಸು ಹೊರಗಿಟ್ಟು, ಅದನ್ನೇ ಎರಡು ಮಡಿಕೆಯಾಗಿ ಹೊರಳಿಸಿ, ಎಲ್ಲ ಪದರನ್ನೂ ಒಂದೇ ಸಾಲಿನಲ್ಲಿ ಹೊಲಿದು ಮುಗಿಸುವುದು. ಕೂಡಿಸುವುದೂ ಅಂಚು ಮುಚ್ಚುವುದೂ ಒಟ್ಟಿಗೇ ಆಯಿತು. 1900ರ ಸುಮಾರಿಗೆ ಬಂದ ಬಿಳಿ ಲಿಂಗರೀ ಗೌನುಗಳಲ್ಲಿ ಲೇಸಿನ ಪಟ್ಟಿಗಳ ನಡುವೆ ಬೆಂಕಿಕಡ್ಡಿಗಿಂತ ಸಣ್ಣ ಫ್ರೆಂಚ್ ಹೊಲಿಗೆಗಳನ್ನು ಕಾಣಬಹುದು.

ಹೆಸರಿನ ವಿಷಯದಲ್ಲಿ ಒಂದು ತಮಾಷೆಯಿದೆ. ಇಂಗ್ಲಿಷರು ಫ್ರೆಂಚ್ ಹೊಲಿಗೆ ಎನ್ನುವುದನ್ನು ಫ್ರೆಂಚರು ಕೂಚ್ಯೂರ್ ಆಂಗ್ಲೇಜ್, ಅಂದರೆ ಇಂಗ್ಲಿಷ್ ಹೊಲಿಗೆ, ಎನ್ನುತ್ತಾರೆ. ನಮಗೆ ಬಂದದ್ದು ಇಂಗ್ಲಿಷರ ಮೂಲಕ, ಆದ್ದರಿಂದ ನಮ್ಮ ದರ್ಜಿಗಳ ಬಾಯಲ್ಲಿ ಅದು ಫ್ರೆಂಚ್ ಆಗಿಯೇ ಉಳಿಯಿತು.

ಓವರ್‌ಲಾಕ್ ಯಂತ್ರದ ಪೇಟೆಂಟನ್ನು ಅಮೆರಿಕದ ಕನೆಕ್ಟಿಕಟ್‌ನ ಜೋಸೆಫ್ ಮೆರೊ ಪಡೆದದ್ದು 1889ರಲ್ಲಿ. ಅಂಚನ್ನು ಕತ್ತರಿಸುತ್ತಲೇ ನೂಲಿನಿಂದ ಸುತ್ತುವ ಆ ಯಂತ್ರ ಬಂದ ಮೇಲೆ ಕಾರ್ಖಾನೆಗಳಿಗೆ ಅಂಚಿನ ಚಿಂತೆ ತಪ್ಪಿತು. ಮನೆಬಳಕೆಯ ಸಣ್ಣ ಓವರ್‌ಲಾಕ್ ಯಂತ್ರಗಳು ಜಪಾನಿನಿಂದ ಬಂದದ್ದು 1960ರ ದಶಕದಲ್ಲಿ.

ಹೊಲಿಯುವ ಮುನ್ನ

ತೆಳುಬಟ್ಟೆಯ ಹೊಲಿಗೆ ಕೆಡುವುದು ಬಹುಪಾಲು ಕತ್ತರಿಸುವಾಗ. ಜಾರುವ ಬಟ್ಟೆಯನ್ನು ಜೋಡಿ ಮಡಿಕೆ ಹಾಕಿ ಕತ್ತರಿಸಿದರೆ ಕೆಳಪದರು ಅರ್ಧ ಇಂಚು ಸರಿದಿರುತ್ತದೆ. ಅಂಥ ಎರಡು ಅಂಚುಗಳನ್ನು ಎಷ್ಟೇ ಎಳೆದು ಹೊಲಿದರೂ ಒಂದು ಕಡೆ ಸೊಟ್ಟ ನಿಲ್ಲುತ್ತದೆ. ಮೇಜಿನ ಮೇಲೆ ಹತ್ತಿಯ ಹಾಸು ಹಾಸಿ, ಬಟ್ಟೆಯ ಕೆಳಗೆ ತೆಳುಕಾಗದವಿಟ್ಟು, ಒಂದೊಂದೇ ಪದರನ್ನು ಕಾಗದ ಸಮೇತ ಕತ್ತರಿಸುವುದು ಒಳ್ಳೆಯದು. ಗುಂಡುಪಿನ್ನನ್ನು ಮಾರ್ಜಿನ್ನಿನೊಳಗೇ ಚುಚ್ಚಬೇಕು. ಹತ್ತಿಯ ಮಲ್ಲು, ವಾಯಿಲ್‌ಗಳಾದರೆ ಅನ್ನ ಬಸಿದ ಗಂಜಿಯ ತಿಳಿಯಲ್ಲಿ ಅದ್ದಿ ಒಣಗಿಸಿ ಇಸ್ತ್ರಿ ಮಾಡಿಕೊಂಡರೆ ಬಟ್ಟೆ ಕಾಗದದಂತೆ ಕೂರುತ್ತದೆ, ಹೊಲಿದು ಮುಗಿದ ಮೇಲೆ ನೀರಲ್ಲಿ ಬಿಟ್ಟರೆ ಮೊದಲಿನಂತೆ ಮೆತ್ತಗಾಗುತ್ತದೆ. ರೇಷ್ಮೆ ಶಿಫಾನಿಗೆ ಕೆಲವರು ಜೆಲಟಿನ್ ನೀರು ಬಳಸುತ್ತಾರೆ. ಬಣ್ಣ ಬಿಡುತ್ತದೆಯೇ ಎಂದು ಚೂರು ಬಟ್ಟೆಯಲ್ಲಿ ಮೊದಲೇ ನೋಡಿಕೊಳ್ಳದಿದ್ದರೆ ಉಡುಪೇ ಹೋದೀತು.

ಸೂಜಿ ಸಣ್ಣದಿರಬೇಕು. ಅದರ ಪೊಟ್ಟಣದ ಮೇಲೆ 60/8, 65/9 ಎಂದು ಜೋಡಿ ಸಂಖ್ಯೆಗಳಿರುತ್ತವೆ. ಮೊದಲಿನದು ಸೂಜಿಯ ದಪ್ಪ, ಮಿಲಿಮೀಟರಿನ ನೂರರಲ್ಲೊಂದು ಭಾಗಗಳಲ್ಲಿ. ಅಂದರೆ 60 ಎಂಬುದು 0.6 ಮಿ.ಮೀ. ದಪ್ಪದ ಸೂಜಿ. ದಿನದ ಹೊಲಿಗೆಗೆ ಯಂತ್ರದಲ್ಲಿ ಕೂತಿರುವ 14 ಅಥವಾ 16 ನಂಬರಿನ ಸೂಜಿ ಶಿಫಾನಿನ ಎಳೆಯನ್ನು ಚುಚ್ಚುವ ಬದಲು ಎಳೆದುಕೊಂಡು ಹೋಗುತ್ತದೆ, ಬಟ್ಟೆಯ ಮೇಲೆ ಅಡ್ಡಗೆರೆ ಬೀಳುತ್ತದೆ. ತುದಿ ಮೊಂಡಾದ ಸೂಜಿಯದೂ ಇದೇ ಕಾಟ. ಹೊಲಿಗೆಯ ಉದ್ದ 1.5ರಿಂದ 2 ಮಿ.ಮೀ. ಸಾಕು. ನೂಲು ಸಣ್ಣದಾಗಿರಲಿ, ಮೇಲಿನ ನೂಲೂ ಬಾಬಿನ್ ನೂಲೂ ಒಂದೇ ಆಗಿರಲಿ, ಟೆನ್ಷನ್ ಸ್ವಲ್ಪ ಸಡಿಲಿಸಿರಲಿ. ಬಿಗಿಯಾದ ನೂಲಿನಿಂದ ಹೊಲಿಗೆಯುದ್ದಕ್ಕೂ ನೆರಿಗೆ ಬಿದ್ದರೆ ಇಸ್ತ್ರಿಯಿಂದ ಹೋಗದು.

ಸಾಲಿನ ಮೊದಲಲ್ಲಿ ಯಂತ್ರ ಬಟ್ಟೆಯನ್ನು ಹಲ್ಲಿನ ಸಂದಿಗೆ ನುಂಗುವುದು ಎಲ್ಲರಿಗೂ ಆಗಿರುವ ಅನುಭವ. ಜಿಗ್‌ಜಾಗ್ ಯಂತ್ರದ ಪ್ಲೇಟಿನಲ್ಲಿ ಸೂಜಿ ಆಡಲು ಉದ್ದ ತೂತಿರುವುದೇ ಇದಕ್ಕೆ ಕಾರಣ. ಒಂದೇ ಗುಂಡು ತೂತಿನ ಪ್ಲೇಟಿರುವ ಹಳೆಯ ಕಾಲ್ತುಳಿ ಯಂತ್ರ ಈ ಕೆಲಸದಲ್ಲಿ ಹೊಸ ಯಂತ್ರಗಳಿಗಿಂತ ಎಷ್ಟೋ ವಾಸಿ. ನೂಲಿನ ತುದಿಗಳನ್ನು ಹಿಂದಕ್ಕೆ ಹಿಡಿದು ಸುರು ಮಾಡಿ, ಬಟ್ಟೆಯ ಕೆಳಗೆ ಕಾಗದದ ಪಟ್ಟಿಯಿಟ್ಟು ಹೊಲಿದು ಆಮೇಲೆ ಹರಿದು ತೆಗೆದರೆ ತೊಂದರೆ ತಪ್ಪುತ್ತದೆ. ದರ್ಜಿಯ ಅಂಗಡಿಗಳಲ್ಲಿ ಕೈಗೆ ಸಿಗುವುದು ಹಳೆಯ ಪತ್ರಿಕೆ; ಅದರ ಮಸಿ ಬಿಳಿ ಆರ್ಗಾಂಜಾಕ್ಕೆ ಹತ್ತುತ್ತದೆ, ಬಟರ್ ಪೇಪರ್ ಸುರಕ್ಷಿತ. ಆರಂಭ, ಕೊನೆಗಳಲ್ಲಿ ಹಿಂದೆಮುಂದೆ ಹೊಲಿದು ಗಟ್ಟಿ ಮಾಡುವ ಅಭ್ಯಾಸವನ್ನೂ ಇಲ್ಲಿ ಬಿಡಬೇಕು, ಆ ಗಂಟು ಕಪ್ಪು ಚುಕ್ಕೆಯಾಗಿ ಕಾಣುತ್ತದೆ.

ಫ್ರೆಂಚ್ ಹೊಲಿಗೆ

ಹೊಲಿಗೆ ತರಬೇತಿಯ ಸ್ಯಾಂಪಲ್ ಪುಸ್ತಕದಲ್ಲಿ ಎಲ್ಲರೂ ಇದನ್ನು ಮಾಡಿ ಅಂಟಿಸಿರುತ್ತಾರೆ. ಕ್ರಮ ಸರಳ, ಆದರೆ ಮೊದಲ ಸಲ ಕೈ ಹಾಕಿದವರಿಗೆ ತಪ್ಪು ಮಾಡುತ್ತಿದ್ದೇನೆಂದೇ ತೋರುತ್ತದೆ. ರೂಢಿಗೆ ವಿರುದ್ಧವಾಗಿ ಉಲ್ಟಾ ಭಾಗಗಳನ್ನು ಎದುರುಬದುರು ಇಟ್ಟು ಸುರು ಮಾಡಬೇಕು. ಮಾರ್ಜಿನ್ 15 ಮಿ.ಮೀ. ಇದ್ದರೆ ಮೊದಲ ಸಾಲನ್ನು ಅಂಚಿನಿಂದ 9 ಮಿ.ಮೀ. ಒಳಗೆ ಹಾಕುವುದು. ಬಳಿಕ ಮಾರ್ಜಿನ್ನನ್ನು 3 ಮಿ.ಮೀ.ಗೆ, ಬಡಗಿಗಳ ಲೆಕ್ಕದಲ್ಲಿ ಒಂದು ನೂಲಿನಷ್ಟಕ್ಕೆ, ಕತ್ತರಿಸುವುದು. ಹೊಲಿಗೆಯನ್ನು ಬಿಡಿಸಿ ಇಸ್ತ್ರಿ ಮಾಡಿ, ಸೀದಾ ಭಾಗಗಳು ಒಳಗೆ ಬರುವಂತೆ ಮಡಚಿ, ಮೊದಲ ಸಾಲು ಸರಿಯಾಗಿ ಮಡಿಕೆಯ ಅಂಚಿಗೆ ಬಂದಿದೆಯೆಂದು ಬೆರಳಲ್ಲಿ ತಿಕ್ಕಿ ನೋಡಿ, 6 ಮಿ.ಮೀ.ಗೆ ಎರಡನೆಯ ಸಾಲು ಹಾಕಿದರೆ ಕತ್ತರಿಸಿದ ಅಂಚುಗಳು ಕೊಳವೆಯೊಳಗೆ ಸೇರಿಹೋಗುತ್ತವೆ. ಕೈ ಪಳಗಿದವರು ಇದನ್ನು 3 ಮಿ.ಮೀ. ಅಗಲಕ್ಕೆ ಇಳಿಸುತ್ತಾರೆ.

ಕೆಡುವುದು ಎರಡು ಕಡೆ. ಮೊದಲ ಸಾಲಾದ ಮೇಲೆ ಸರಿಯಾಗಿ ಕತ್ತರಿಸದಿದ್ದರೆ ಒಳಗಿನ ಎಳೆಗಳು ಎರಡನೆಯ ಸಾಲಿನಿಂದಾಚೆ ಮೀಸೆಯಂತೆ ಹೊರಚಾಚುತ್ತವೆ. ಇದಾದರೆ ದುರಸ್ತಿಯಿಲ್ಲ, ಒಂದೊಂದಾಗಿ ಕತ್ತರಿಸುತ್ತ ಕೂರಬೇಕು. ಕತ್ತರಿಸುವುದನ್ನು ಹೊಲಿಯುವ ಹೊತ್ತಿನಲ್ಲಿ ಒಂದೊಂದು ಗೇಣಿನಷ್ಟೇ ಮಾಡಿಕೊಂಡರೆ ಅಂಚು ಎಳೆ ಬಿಡಲು ಸಮಯವೇ ಸಿಗುವುದಿಲ್ಲ. ಎರಡನೆಯ ತಪ್ಪು ಇಸ್ತ್ರಿಯನ್ನು ಬಿಟ್ಟುಬಿಡುವುದು. ಮಡಿಕೆ ಚೂಪಾಗಿ ಬರದಿದ್ದರೆ ಹೊಲಿಗೆಯ ಅಗಲ ಹೆಚ್ಚುಕಡಿಮೆಯಾಗಿ ನೆರಳು ಅಲೆಯಾಡುತ್ತದೆ. ಇಸ್ತ್ರಿಪೆಟ್ಟಿಗೆಯ ಬಿಸಿಗೆ ಬಟ್ಟೆಯ ಲೇಬಲ್ಲಿನ ಚುಕ್ಕೆಗಳೇ ಪ್ರಮಾಣ, ಒಂದು ಚುಕ್ಕೆಗೆ ಹೆಚ್ಚೆಂದರೆ 110, ಎರಡಕ್ಕೆ 150, ಮೂರಕ್ಕೆ 200 ಡಿಗ್ರಿ ಸೆಲ್ಸಿಯಸ್. ನೈಲಾನಿನ ತೆಳುಬಟ್ಟೆ ಮೊದಲನೆಯ ಗುಂಪಿನದು.

ಹಸುಗೂಸಿನ ಮಲ್ಲು ಜಬಲಾಗಳಿಗೂ ಈ ಹೊಲಿಗೆಯೇ ಲೇಸು. ಅಂಚು ಮುಚ್ಚಿರುವುದರಿಂದ ಎಳೆಗಳು ಕೂಸಿನ ಬೆರಳಿಗೆ ಸುತ್ತಿಕೊಳ್ಳುವುದಿಲ್ಲ, ದಿನವೂ ಒಗೆದರೂ ಬಿಚ್ಚುವುದಿಲ್ಲ.

ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆಗಳ ಗಾರ್ಮೆಂಟ್ಸ್‌ನಂಥ ಕಡೆ, ಪ್ರತಿಯೊಂದು ಹೊಲಿಗೆಗೂ ನಿಮಿಷದ ಲೆಕ್ಕ ಕಟ್ಟುವಲ್ಲಿ, ಫ್ರೆಂಚ್ ಹೊಲಿಗೆ ದುಬಾರಿ. ಒಂದೇ ಅಂಚು ಯಂತ್ರದಡಿ ಎರಡು ಸಲ ಹೋಗಬೇಕು. ಹೊಲಿಗೆಗಳನ್ನು ವರ್ಗೀಕರಿಸುವ ಐಎಸ್‌ಒ 4915 ಮಾನದಂಡದಲ್ಲಿ 301 ಎಂದರೆ ಸಾದಾ ಲಾಕ್ ಹೊಲಿಗೆ, 504 ಎಂದರೆ ಮೂರು ನೂಲಿನ ಓವರ್‌ಲಾಕ್. ಅಗ್ಗದ ಶಿಫಾನ್ ಟಾಪುಗಳಲ್ಲಿ ಒಳಗೆ ಏಣಿಯ ಮೆಟ್ಟಿಲಂತೆ ಕಾಣುವುದು ಈ ಎರಡನೆಯದು. ಎಲ್ಲ ಕಡೆಯೂ ಅದನ್ನು ಹಳಿಯಬೇಕಿಲ್ಲ. ದೊಡ್ಡ ಹೂಗಳ ಮುದ್ರಣವಿರುವ ಬಟ್ಟೆಯಲ್ಲಿ, ಬಣ್ಣ ಹೊಂದುವ ಸಣ್ಣ ನೂಲಿನಲ್ಲಿ ಹಾಕಿದ ಕಿರಿದಾದ ಓವರ್‌ಲಾಕ್ ಮೂರೇ ಪದರಿನ ಕಾರಣ ಒರಟು ಫ್ರೆಂಚ್ ಹೊಲಿಗೆಗಿಂತ ಹಗುರವಾಗಿ ಕಾಣುವುದುಂಟು.

ತಿರುವುಗಳು

ಫ್ರೆಂಚ್ ಹೊಲಿಗೆ ಬಯಸುವುದು ನೆಟ್ಟಗಿನ ಅಂಚನ್ನು. ಪಕ್ಕ, ಭುಜ, ಲಂಗದ ಕಲಿಗಳಿಗೆ ಅದು ಸರಿ. ತೋಳು ಕೂಡುವ ಕಂಕುಳಿನ ಸುತ್ತಿನಲ್ಲಿ ಮಡಿಕೆ ತಿರುಗಲಾರದೆ ಒಳಗೆ ಉಬ್ಬುತ್ತದೆ. ಅಲ್ಲಿ ಮೊದಲೇ ಸೀದಾ ಭಾಗಗಳನ್ನು ಸೇರಿಸಿ ಹೊಲಿದು, ಎರಡೂ ಮಾರ್ಜಿನ್ನಿನ ಅಂಚುಗಳನ್ನು ಪರಸ್ಪರ ಒಳಮಡಚಿ ಮತ್ತೊಂದು ಸಾಲು ಹಾಕುವ ಹುಸಿ ಫ್ರೆಂಚ್ ಹೊಲಿಗೆಯಿದೆ. ಸುಲಭದ್ದು ಇನ್ನೊಂದು: ಮೊದಲ ಸಾಲಿಗೆ 3 ಮಿ.ಮೀ. ದೂರದಲ್ಲಿ ಇನ್ನೊಂದು ಸಾಲು ಹಾಕಿ, ಅದರ ಪಕ್ಕಕ್ಕೇ ಕತ್ತರಿಸಿಬಿಡುವುದು. ನೆಟ್‌ಗೆ ಇಷ್ಟು ಸಾಕೇ ಸಾಕು. ಕಾಲರು, ಕಫ್‌ಗಳ ಒಳಗೆ ಸೇರಿಹೋಗುವ ಹೊಲಿಗೆಗೆ ಕಿರಿದಾದ ಜಿಗ್‌ಜಾಗ್ ಹಾಕಿ ಅದಕ್ಕೆ ತಾಗಿಸಿ ಕತ್ತರಿಸಿದರೆ ಹೊರಗೆ ಕೂದಲೆಳೆಯಷ್ಟೇ ಗೆರೆ ಕಾಣುತ್ತದೆ.

ಕುತ್ತಿಗೆಗೆ ಒಳಪಟ್ಟಿ ಕೊಟ್ಟು ತಿರುಗಿಸುವ ಸಾಮಾನ್ಯ ಕ್ರಮ ತೆಳುಬಟ್ಟೆಗೆ ಆಗದು, ಎರಡು ಇಂಚಿನ ಪಟ್ಟಿ ಹೊರಗಿನಿಂದ ಎದ್ದು ಕಾಣುತ್ತದೆ. ಅದೇ ಬಟ್ಟೆಯ ಕ್ರಾಸ್ ಪಟ್ಟಿಯನ್ನು ಜೋಡಿ ಮಡಚಿ ಅಂಚಿಗೆ ಕಟ್ಟುವುದು ಮೇಲು. ಪಟ್ಟಿ ಕೊನೆಗೆ ಆಗಬೇಕಾದ ಅಗಲದ ಸುಮಾರು ಆರುಪಟ್ಟು ಇರಬೇಕು, 5 ಮಿ.ಮೀ. ಕಟ್ಟಿಗೆ 30 ಮಿ.ಮೀ.ಗಿಂತ ತುಸು ಹೆಚ್ಚು. ಡಾರ್ಟ್‌ಗಳ ತುದಿಯಲ್ಲಿ ಗಂಟು ಕಾಣದಿರಲು ಹಳೆಯ ಕೈಗಳು ಒಂದು ಯುಕ್ತಿ ಮಾಡುತ್ತವೆ. ಬಾಬಿನ್ ನೂಲನ್ನೇ ಮೇಲೆತ್ತಿ ಸೂಜಿಯ ಕಣ್ಣಿಗೆ ಹಿಮ್ಮುಖವಾಗಿ ಪೋಣಿಸಿ, ತುದಿಯಿಂದ ಬುಡದ ಕಡೆಗೆ ಹೊಲಿಯುತ್ತಾರೆ. ನೂಲು ಒಂದೇ ಆದ್ದರಿಂದ ತುದಿಯಲ್ಲಿ ಗಂಟು ಹಾಕುವ ಪ್ರಮೇಯವೇ ಇಲ್ಲ. ಡಾರ್ಟ್ ಬದಲು ನೆರಿಗೆ ಕೊಡಲು ಬಂದರೆ ಇನ್ನೂ ಒಳ್ಳೆಯದು.

ಕೆಳ ಅಂಚು

ಶಿಫಾನಿನ ಕೆಳ ಅಂಚಿಗೆ ಸುರುಳಿ ಮಡಿಕೆ ರೂಢಿ. ಅಂಚಿನಿಂದ 6 ಮಿ.ಮೀ.ಗೆ ಸಾಲು ಹಾಕಿ, ಆ ಸಾಲಿನ ಮೇಲೆ ಮಡಚಿ ಮಡಿಕೆಗೆ ತಾಗಿ ಹೊಲಿದು, ಉಳಿದದ್ದನ್ನು ಕತ್ತರಿಸಿ, ಮತ್ತೊಮ್ಮೆ ಮಡಚಿ ಹೊಲಿಯುವುದು. ಓರೆಯಾಗಿ ಕತ್ತರಿಸಿದ ಲಂಗವನ್ನು ಅಂಚು ಕಟ್ಟುವ ಮುನ್ನ ಒಂದು ದಿನ ತೂಗುಹಾಕಬೇಕು, ಬಟ್ಟೆ ತನ್ನ ಭಾರಕ್ಕೆ ಜಗ್ಗಿ ಕೆಲವು ಕಡೆ ಉದ್ದವಾಗುತ್ತದೆ. ಆರ್ಗಾಂಜಾಕ್ಕೆ ಅಗಲ ಅಂಚು ಬೇಕಿದ್ದರೆ ಎರಡು ಮಡಿಕೆಗಳೂ ಸಮ ಅಗಲದ್ದಾಗಿರಲಿ. ಒಳಮಡಿಕೆ ಕಿರಿದಾದರೆ ಪಟ್ಟಿಯ ನಡುವೆ ಗಾಢ, ತೆಳು ಎರಡು ಬಣ್ಣ ಕಾಣುತ್ತದೆ. ಸಮವಾಗಿದ್ದರೆ ಇಡೀ ಪಟ್ಟಿ ಒಂದೇ ನೆರಳು, ನೋಡಿದವರು ಅಲಂಕಾರವೆಂದೇ ತಿಳಿಯುತ್ತಾರೆ.

ಸೀರೆಗೆ ಇಷ್ಟೆಲ್ಲ ಇಲ್ಲ. ಕೂಚ್ ಬಿಹಾರದ ಮಹಾರಾಣಿ ಇಂದಿರಾ ದೇವಿ (1892–1968) ಫ್ರಾನ್ಸಿನಲ್ಲಿ ನೇಯಿಸಿ ಉಟ್ಟು ಮೇಲುವರ್ಗದಲ್ಲಿ ಹಬ್ಬಿಸಿದ ಶಿಫಾನ್ ಸೀರೆ ಇವತ್ತು ಎಲ್ಲ ಪೇಟೆಗಳಲ್ಲೂ ಇದೆ. ಅದರ ಎರಡು ತುದಿಗೆ ಪಿಕೋ, ಕೆಳಗೆ ಫಾಲ್. ಅಂಗಡಿಯ ಮೂಲೆಯ ಜಿಗ್‌ಜಾಗ್ ಯಂತ್ರದಲ್ಲಿ ಕೆಲವೇ ನಿಮಿಷದ ಕೆಲಸ.

ಮಾರ್ಜಿನ್ನಿನ ಜಗಳ

ನಮ್ಮ ಕಡೆ ರವಿಕೆ ಹೊಲಿಯುವವರ ಧರ್ಮವೇ ಬೇರೆ. ಪಕ್ಕದಲ್ಲಿ ಒಂದು, ಒಂದೂವರೆ ಇಂಚು ಬಟ್ಟೆ ಒಳಗೆ ಬಿಟ್ಟು, ಎರಡು ಮೂರು ಸಾಲು ಹೊಲಿಗೆ ಹಾಕಿ ಕೊಡುತ್ತಾರೆ. ಮೈ ಬಂದರೆ ಒಂದು ಸಾಲು ಬಿಚ್ಚಿದರಾಯಿತು. ಮದುವೆಯ ರವಿಕೆ ಇಪ್ಪತ್ತು ವರ್ಷ ನಡೆಯುವುದು ಈ ಮಾರ್ಜಿನ್ನಿನಿಂದ. ಫ್ರೆಂಚ್ ಹೊಲಿಗೆ ಬೇಡುವುದು ಇದಕ್ಕೆ ಸರಿ ವಿರುದ್ಧವಾದದ್ದನ್ನು, ಉಳಿದ ಬಟ್ಟೆಯನ್ನು ಮೂರು ಮಿಲಿಮೀಟರಿಗೆ ಕತ್ತರಿಸಿ ಎಸೆಯುವುದನ್ನು. ಆದ್ದರಿಂದ ನೆಟ್ ಅಥವಾ ಆರ್ಗಾಂಜಾ ರವಿಕೆಗಳಲ್ಲಿ ರಾಜಿಯೊಂದು ಹುಟ್ಟಿಕೊಂಡಿದೆ: ಮೈ ಭಾಗಕ್ಕೆ ಲೈನಿಂಗ್ ಬಟ್ಟೆ ಕೂಡಿಸಿ, ಅದರ ಮರೆಯಲ್ಲಿ ಧಾರಾಳ ಮಾರ್ಜಿನ್, ಲೈನಿಂಗ್ ಇಲ್ಲದ ತೋಳು, ಬೆನ್ನಿನ ಮೇಲ್ಭಾಗಗಳಿಗೆ ಮಾತ್ರ ಸಣ್ಣ ಹೊಲಿಗೆ. ತೋಳು ಕಂಕುಳಿನಲ್ಲಿ ಮೈಗೆ ಸೇರುವ ಕಡೆ ಈ ಎರಡು ಲೆಕ್ಕ ಎದುರಾಗುತ್ತವೆ. ತೋಳಿನ ಹೊಲಿಗೆಯನ್ನು ಮೈಯ ಕಡೆಗೆ ಮಲಗಿಸಿ ಲೈನಿಂಗಿನ ಪಟ್ಟಿಯಲ್ಲಿ ಮುಚ್ಚಿದರೆ ಎರಡೂ ತೀರುತ್ತವೆ.

ಬಿಗಿಯಾಗಿ ತೊಡುವ ಆಸೆಯೂ ತೆಳುಬಟ್ಟೆಗೆ ಒಗ್ಗದು. ಚಂದೇರಿ, ಆರ್ಗಾಂಜಾಗಳಲ್ಲಿ ಹೊಲಿಗೆಯ ನೂಲು ಹರಿಯುವ ಮೊದಲೇ ಬಟ್ಟೆಯ ಎಳೆಗಳು ಹೊಲಿಗೆಯಿಂದ ಸರಿದು ಬಾಯಿ ಬಿಡುತ್ತವೆ. ಹೊಲಿಗೆ ಎಷ್ಟು ಅಂದವಾಗಿದ್ದರೂ ಇದನ್ನು ತಡೆಯಲಾರದು, ಸಡಿಲ ಕೊಟ್ಟು ಹೊಲಿಯುವುದೊಂದೇ ಉಪಾಯ. ಮೈಗಂಟಿಯೇ ಇರಬೇಕೆಂದರೆ ಮೈ ಭಾಗದ ಜಗ್ಗನ್ನು ಲೈನಿಂಗ್ ಬಟ್ಟೆ ಹೊರುವಂತೆ, ಮೇಲಿನ ತೆಳುಬಟ್ಟೆಯನ್ನು ಅದಕ್ಕಿಂತ ಕೂದಲೆಳೆಯಷ್ಟು ದೊಡ್ಡದಾಗಿ ಕತ್ತರಿಸಿ, ಎರಡನ್ನೂ ಕಚ್ಚಾ ಹೊಲಿಗೆಯಲ್ಲಿ ಹಿಡಿದುಕೊಂಡು ಒಂದೇ ಬಟ್ಟೆಯೆಂಬಂತೆ ಹೊಲಿಯುತ್ತಾರೆ.

ಲೇಸಿನಲ್ಲಿ ಹೊಲಿಗೆಯ ಗೆರೆಯೇ ಇರದಂತೆ ಮಾಡಲು ಬರುತ್ತದೆ. ಎರಡು ತುಂಡುಗಳನ್ನು ಹೂವಿನ ಮೇಲೆ ಹೂ ಬರುವಂತೆ ಒಂದರ ಮೇಲೊಂದಿಟ್ಟು, ಮೇಲಿನದನ್ನು ಹೂಬಳ್ಳಿಯ ಅಂಚು ಹಿಡಿದು ಅಂಕುಡೊಂಕಾಗಿ ಕತ್ತರಿಸಿ, ಆ ಅಂಚಿನುದ್ದಕ್ಕೂ ಕೈಯಿಂದ ಸಣ್ಣ ಹೊಲಿಗೆ ಹಾಕಿ, ಕೆಳಗೆ ಉಳಿದದ್ದನ್ನು ತೆಗೆದುಬಿಡುವುದು. ಒಂದು ಮೊಳ ಕೂಡಿಸಲು ಅರ್ಧ ದಿನ ಹಿಡಿದರೂ ಹಿಡಿಯಿತು. ಮುಗಿದ ಮೇಲೆ ಎಲ್ಲಿ ಕೂಡಿಸಿದ್ದೆಂದು ಹೊಲಿದವರೇ ಬೆಳಕಿಗೆ ಹಿಡಿದು ಹುಡುಕಬೇಕು.